ಬೆರಳು ತೋರಿದ ಕಡೆ

ಕೈಸನ್ನೆಯಿಂದ ಕಂಪ್ಯೂಟರ್ ನಡೆಸುವ ಮಾತು ಬಂದರೆ ಸಾಕು, ಎಲ್ಲರೂ ‘ಮೈನಾರಿಟಿ ರಿಪೋರ್ಟ್’ ಸಿನಿಮಾಕ್ಕೆ ಹೋಗಿ ನಿಲ್ಲುತ್ತಾರೆ. 2002ರಲ್ಲಿ ಟಾಮ್ ಕ್ರೂಸ್ ಕೈಗವಸು ತೊಟ್ಟು ಗಾಳಿಯಲ್ಲೇ ಚಿತ್ರಗಳನ್ನು ಎಳೆದಾಡಿದ ಆ ದೃಶ್ಯ ಕಣ್ಣಿಗೆ ಹಬ್ಬ, ಒಪ್ಪಿದೆ. ಆದರೆ ಈ ಕ್ಷೇತ್ರ ದಾರಿ ತಪ್ಪಿದ್ದು ಅದನ್ನು ನೋಡಿಯೇ.

ದಾರಿ 1980ರಲ್ಲೇ ಸಿಕ್ಕಿತ್ತು. ಆ ವರ್ಷ ಎಂಐಟಿಯ ರಿಚರ್ಡ್ ಬೋಲ್ಟ್ ‘ಪುಟ್ ದಟ್ ದೇರ್’ ಎಂಬ ಪ್ರಬಂಧ ಪ್ರಕಟಿಸಿದರು. ಅದರ ಪ್ರಯೋಗದಲ್ಲಿ ಕುರ್ಚಿಯಲ್ಲಿ ಒಬ್ಬ ಕೂತಿರುತ್ತಾನೆ, ಮಣಿಕಟ್ಟಿಗೆ ಸಂವೇದಕ, ಎದುರಿಗೆ ಗೋಡೆಯಗಲದ ಪರದೆ. ಒಂದು ಆಕಾರದತ್ತ ಕೈ ಚಾಚಿ ‘ಅದನ್ನು’ ಎನ್ನುತ್ತಾನೆ, ಇನ್ನೊಂದೆಡೆ ತೋರಿಸಿ ‘ಅಲ್ಲಿಡು’ ಎನ್ನುತ್ತಾನೆ. ಆಕಾರ ಅಲ್ಲಿಗೆ ಹೋಗುತ್ತದೆ.

ಗಮನಿಸಿ, ‘ಇಡು’ ಎಂಬುದಕ್ಕೆ ಇಲ್ಲಿ ಸನ್ನೆಯೇ ಇಲ್ಲ. ಕ್ರಿಯಾಪದ ನಾಲಿಗೆಯದು, ಸರ್ವನಾಮ ಬೆರಳಿನದು. ‘ಅದು’ ಎಂಬ ಪದಕ್ಕೆ ಬೆರಳಿಲ್ಲದೆ ಅರ್ಥವಿಲ್ಲ, ಬೆರಳಿಗೆ ಆ ಪದವಿಲ್ಲದೆ ಉದ್ದೇಶವಿಲ್ಲ. ಪದ ಬಾಯಿಂದ ಹೊರಟ ಗಳಿಗೆಯಲ್ಲಿ ಕೈ ಎತ್ತ ಇತ್ತು ಎಂಬುದಷ್ಟೇ ಯಂತ್ರಕ್ಕೆ ಬೇಕು. ಉಳಿದ ಹೊತ್ತು ಆ ಕೈ ನಡುಗಲಿ, ಮೂಗು ತುರಿಸಲಿ, ಲೆಕ್ಕಕ್ಕಿಲ್ಲ. ಸಿನಿಮಾದ ಸನ್ನೆಗೆ ಈ ಬಿಡುವಿಲ್ಲ. ಅಲ್ಲಿ ಕೈಯ ಪ್ರತಿ ಚಲನೆಯೂ ಅಪ್ಪಣೆ. ಬೋಲ್ಟರ ಯಂತ್ರದ ಪದಸಂಪತ್ತು ಚಿಕ್ಕದಿತ್ತು, ನಿಜ. ಅದು ಆ ಕಾಲದ ಮಿತಿ, ಕಲ್ಪನೆಯದಲ್ಲ.

ಸಿನಿಮಾ ಮಾದರಿ ಸೋತದ್ದು ತೋಳು ನೋಯುವುದರಿಂದ ಎಂದು ವಿಮರ್ಶಕರು ಹೇಳುತ್ತಲೇ ಬಂದಿದ್ದಾರೆ. ಅದಕ್ಕೆ ‘ಗೊರಿಲ್ಲಾ ತೋಳು’ ಎಂಬ ಹೆಸರೂ ಇದೆ. ನಾನು ಒಪ್ಪುವುದಿಲ್ಲ. ನೋವು ನೀಗಿಸಬಹುದಾದ ತೊಡಕು. 2024ರ ಆಪಲ್ ವಿಷನ್ ಪ್ರೋದಲ್ಲಿ ಕೈ ತೊಡೆಯ ಮೇಲೇ ಇರುತ್ತದೆ. ಕಣ್ಣು ‘ಅದು’ ಎಂದು ತೋರುತ್ತದೆ, ಎರಡು ಬೆರಳು ಕೂಡಿ ‘ಈಗ’ ಎನ್ನುತ್ತವೆ. ಅಂದರೆ ನೋವು ಹೋದ ಮೇಲೂ ಉಳಿದದ್ದು ತೋರಿಸುವ ಕ್ರಿಯೆಯೇ. 2019ರ ಪಿಕ್ಸೆಲ್ 4 ಫೋನಿನ ಮುಂದೆ ಕೈ ಬೀಸಿ ಹಾಡು ಬದಲಿಸುವ ಸೌಲಭ್ಯಕ್ಕೆ ತೋಳೇನೂ ನೋಯುತ್ತಿರಲಿಲ್ಲ. ಆದರೂ ಮುಂದಿನ ಮಾದರಿಯಲ್ಲಿ ಅದು ಇರಲಿಲ್ಲ.

ಕೈಸನ್ನೆಯಿಂದ ರೋಬೋಟ್ ನಡೆಸುವುದು ಅಂಗವಿಕಲರಿಗೆ ವರದಾನ ಎಂಬ ಮಾತಂತೂ ನನ್ನನ್ನು ಕೆರಳಿಸುತ್ತದೆ. ಸಹಾಯಕ ರೋಬೋಟ್ ಬೇಕಿರುವುದೇ ಕೈ ಹೇಳಿದ ಮಾತು ಕೇಳದವರಿಗೆ. ಹಾಸಿಗೆ ಹಿಡಿದ ಹಿರಿಯರು ಗದ್ದ ಎತ್ತಿ ‘ಅದು’ ಎಂದರೆ ಮೊಮ್ಮಗಳು ನೀರಿನ ಲೋಟ ತಂದುಕೊಡುತ್ತಾಳೆ. ಜಾರ್ಜಿಯಾ ಟೆಕ್‌ನಲ್ಲಿ ಚಾರ್ಲಿ ಕೆಂಪ್ ಅವರ ತಂಡ 2008ರಲ್ಲಿ ತೋರಿಸಿದ ಎಲ್-ಇ ರೋಬೋಟ್ ಮಾಡಿದ್ದೂ ಇದನ್ನೇ. ಬೇಕಾದ ವಸ್ತುವಿನ ಮೇಲೆ ಲೇಸರ್ ಚುಕ್ಕೆ ಬಿಟ್ಟರೆ ಅದು ಹೋಗಿ ಎತ್ತಿ ತರುತ್ತಿತ್ತು. ಇಷ್ಟು ಸರಿಯಾದ ಕೆಲಸ ಇಷ್ಟು ಕಡಿಮೆ ಚರ್ಚೆಯಾಗಿದೆ.

ಪಾರ್ಶ್ವವಾಯುವಿನಿಂದ ಮಾತೂ ಕೈಕಾಲೂ ಹೋದ ಅಮೆರಿಕದ ಹೆನ್ರಿ ಇವಾನ್ಸ್ ಕೆಂಪ್ ಅವರ ತಂಡದ ಜೊತೆ ಪಿಆರ್2 ರೋಬೋಟನ್ನು ಬಳಸಿ ನೋಡಿದರು. ಪರದೆಯ ಬಾಣವನ್ನು ತಲೆಯ ಅಲುಗಾಟದಿಂದ ನಡೆಸುತ್ತಾ ಅದರ ದೊಡ್ಡ ಕೈಯನ್ನು ಮುಖದ ಹತ್ತಿರ ತಂದರು, ತುರಿಸುತ್ತಿದ್ದ ಕಡೆ ತಾವೇ ಕೆರೆದುಕೊಂಡರು.