ಇಂಡೊನೇಷ್ಯದ ಗ್ರಾಮಸಮುದಾಯವೂ ಅದರ ಸಂಶೋಧಕರೂ

ಇಂಡೊನೇಷ್ಯದ ಸಮಾಜಜೀವನವನ್ನು ಕುರಿತು ಎರಡನೆಯ ಮಹಾಯುದ್ಧದಿಂದೀಚೆಗೆ ಬಂದಿರುವ ಸಾಹಿತ್ಯ ವಿಪುಲವಾದುದು. ಅದರಲ್ಲಿ ಸಾರ್ವಜನಿಕ ಆಡಳಿತ, ನೆಲಜಲಗಳ ಸುಸ್ಥಿರ ಬಳಕೆ, ಗ್ರಾಮದ ಸಹಜೀವನ ಎಂಬ ಮೂರು ವಿಷಯಗಳು ಒಂದರೊಡನೊಂದು ಹೆಣೆದುಕೊಂಡಿವೆ. ಇವುಗಳನ್ನು ಕೂಡಿಸುವ ಕೊಂಡಿ 'ಸಮುದಾಯ' ಎಂಬ ಒಂದು ಪದ. ಸಮುದಾಯವು ತನ್ನ ನೆಲವನ್ನು ತಾನೇ ಕಾಪಾಡಿಕೊಳ್ಳಬಲ್ಲುದು, ಆದುದರಿಂದ ಆಡಳಿತವು ಅದನ್ನು ನಂಬಬೇಕು ಎಂಬುದು ಒಂದು ಪಕ್ಷ. ಸಮುದಾಯವು ಹಳೆಯ ಕಟ್ಟುಪಾಡುಗಳಲ್ಲಿ ಸಿಲುಕಿದೆ, ಆಡಳಿತವೇ ಅದನ್ನು ಮುಂದಕ್ಕೆ ನಡೆಸಬೇಕು ಎಂಬುದು ಇನ್ನೊಂದು ಪಕ್ಷ. ಈ ಎರಡು ಪಕ್ಷಗಳೂ ಬಹುಮಟ್ಟಿಗೆ ಕೈಬಿಟ್ಟಿರುವ ಪ್ರಶ್ನೆ ಒಂದುಂಟು: ಅವು ಹೇಳುವ ಸಮುದಾಯವು ಯಾವ ಕಾಲದಲ್ಲಿ, ಯಾರ ಕೈಯಿಂದ, ಈಗಿನ ರೂಪವನ್ನು ಪಡೆಯಿತು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಎರಡು ಪ್ರಸಿದ್ಧ ಗ್ರಂಥಗಳನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ಮೊದಲನೆಯದು ಕ್ಲಿಫರ್ಡ್ ಗೀರ್ಟ್ಸ್ ಅವರು 1963ರಲ್ಲಿ ಪ್ರಕಟಿಸಿದ 'ಅಗ್ರಿಕಲ್ಚರಲ್ ಇನ್ವಲ್ಯೂಷನ್'. ಎರಡನೆಯದು ಸ್ಟೀಫನ್ ಲಾನ್ಸಿಂಗ್ ಅವರು 1991ರಲ್ಲಿ ಪ್ರಕಟಿಸಿದ 'ಪ್ರೀಸ್ಟ್ಸ್ ಅಂಡ್ ಪ್ರೋಗ್ರಾಮರ್ಸ್'.

ಗ್ರಂಥಗಳನ್ನು ನೋಡುವ ಮೊದಲು, ಜಾವದ ಗ್ರಾಮವು ಸರಕಾರದ ಕಡತಗಳಿಗೆ ಬಂದ ಬಗೆಯನ್ನು ನೆನೆಯುವುದು ಅವಶ್ಯ. 1811ರಲ್ಲಿ ಬ್ರಿಟಿಷರು ಜಾವವನ್ನು ಗೆದ್ದುಕೊಂಡರು. ಅಲ್ಲಿಯ ಆಡಳಿತವನ್ನು ವಹಿಸಿಕೊಂಡ ಸ್ಟ್ಯಾಂಫರ್ಡ್ ರ್‍ಯಾಫಲ್ಸ್ ಭೂಮಿಯ ಹಕ್ಕುದಾರಿಕೆಯನ್ನು ವಿಚಾರಿಸಲು ಒಂದು ಮಂಡಲಿಯನ್ನು ನೇಮಿಸಿದನು. ಅದರ ಮುಖ್ಯಸ್ಥನು ಮೈಸೂರು ಸೀಮೆಯ ಮೋಜಣಿಯನ್ನು ಅದಕ್ಕೆ ಮುಂಚೆ ನಡೆಸಿದ್ದ ಕಾಲಿನ್ ಮೆಕೆಂಜಿ. ನಮ್ಮ ನಾಡಿನ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಸಂಗ್ರಹಿಸಿದ ಅದೇ ಅಧಿಕಾರಿಯ ಕೈಕೆಳಗೆ ಜಾವದ ಹಳ್ಳಿಯ ಲೆಕ್ಕವೂ ಸಿದ್ಧವಾಯಿತೆಂಬುದು ಕನ್ನಡ ವಿದ್ಯಾರ್ಥಿಗಳಿಗೆ ಕುತೂಹಲಕರವಾದ ಸಂಗತಿ. ಈ ವಿಚಾರಣೆಯ ಗುರಿ ಕಂದಾಯ. ಕಂದಾಯವನ್ನು ಗೊತ್ತುಮಾಡಬೇಕಾದರೆ ಎಲ್ಲೆ ಕಟ್ಟಿದ ಗ್ರಾಮ ಬೇಕು, ಉತ್ತರ ಕೊಡುವ ಮುಖ್ಯಸ್ಥ ಬೇಕು. ಜಾವದ ಗ್ರಾಮವು ಒಂದು ಆಡಳಿತ ಘಟಕವಾಗಿ ಗಟ್ಟಿಗೊಂಡುದು ಬಹುಪಾಲು ವಸಾಹತು ಆಳ್ವಿಕೆಯ ಒತ್ತಡದಿಂದ, ಅದಕ್ಕೆ ಮುಂಚೆ ಜನರನ್ನು ಬಂಧಿಸಿದ್ದುದು ಒಡೆಯ ಮತ್ತು ಒಕ್ಕಲಿನ ಸಂಬಂಧ ಎಂದು ಯಾನ್ ಬ್ರೆಮನ್ ಅವರು ವಾದಿಸಿದ್ದಾರೆ. ಈ ವಾದವನ್ನು ಪೂರ್ಣವಾಗಿ ಒಪ್ಪದವರೂ ಒಂದು ಮಾತನ್ನು ಒಪ್ಪಲೇಬೇಕು: ದಾಖಲೆಯಲ್ಲಿ ಕಾಣುವ ಗ್ರಾಮವು ದಾಖಲೆ ಬರೆದವರ ಅಗತ್ಯಕ್ಕೆ ತಕ್ಕಂತೆ ಕಾಣಿಸಿಕೊಂಡಿದೆ.

ಈಗ ಗೀರ್ಟ್ಸ್ ಅವರ ಗ್ರಂಥ. 1830ರಲ್ಲಿ ಗವರ್ನರ್ ಜನರಲ್ ವಾನ್ ಡೆನ್ ಬಾಷ್ ಜಾರಿಗೆ ತಂದ ಬಲವಂತದ ಬೆಳೆಯ ಪದ್ಧತಿಯೇ ಅವರ ವಾದದ ಕೇಂದ್ರ. ಗ್ರಾಮವು ತನ್ನ ಭೂಮಿಯ ಒಂದು ಭಾಗದಲ್ಲಿ ಕಬ್ಬು, ನೀಲಿ ಮೊದಲಾದವನ್ನು ಬೆಳೆದು ಸರಕಾರಕ್ಕೆ ಒಪ್ಪಿಸಬೇಕೆಂಬುದು ಆ ಪದ್ಧತಿ. ಕಬ್ಬಿಗೂ ಬತ್ತಕ್ಕೂ ನೀರಾವರಿಯ ಗದ್ದೆಯೇ ಬೇಕು. ಜನಸಂಖ್ಯೆ ಬೆಳೆಯಿತು, ಹೊಸ ಉದ್ಯೋಗಗಳು ಬೆಳೆಯಲಿಲ್ಲ. ಅದೇ ಗದ್ದೆಯಲ್ಲಿ ಇನ್ನಷ್ಟು ಕೈಗಳು ಇನ್ನಷ್ಟು ಸೂಕ್ಷ್ಮವಾಗಿ ದುಡಿದುವು. ಎಕರೆಯ ಹುಟ್ಟುವಳಿ ಏರಿದರೂ ತಲೆಯ ಪಾಲು ಏರಲಿಲ್ಲ. ಮುಂದಕ್ಕೆ ಹೋಗಲಾರದೆ ತನ್ನೊಳಗೇ ಸುತ್ತಿಕೊಂಡ ಈ ಬೆಳವಣಿಗೆಗೆ ಅವರು ಕೊಟ್ಟ ಹೆಸರನ್ನು ನಾವು 'ಒಳಸುರುಳಿ' ಎಂದು ಕರೆಯಬಹುದು. ಅದರ ಸಾಮಾಜಿಕ ಮುಖವೇ 'ಹಂಚಿಕೊಂಡ ಬಡತನ'.

ಈ ಗ್ರಂಥದ ಗುಣ ದೊಡ್ಡದು. ಜಾವದ ಬಡತನಕ್ಕೆ ರೈತನ ಸೋಮಾರಿತನವನ್ನೋ ಪೌರಸ್ತ್ಯ ಮನೋಧರ್ಮವನ್ನೋ ಕಾರಣವಾಗಿ ಹೇಳುತ್ತಿದ್ದವರಿಗೆ ಗೀರ್ಟ್ಸ್ ಅವರು ಕಬ್ಬಿನ ಗದ್ದೆಯನ್ನೂ ಸರಕಾರದ ನೀತಿಯನ್ನೂ ತೋರಿಸಿದರು. ಆದರೆ 'ಹಂಚಿಕೊಂಡ' ಎಂಬ ವಿಶೇಷಣಕ್ಕೆ ಆಧಾರವೇನು? ಬೆಂಜಮಿನ್ ವೈಟ್ ಮೊದಲಾದವರು ಈ ಅಂಶವನ್ನು ಕೆದಕಿ ನೋಡಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಜಾವದಲ್ಲಿಯೇ ಭೂಮಿಯಿಲ್ಲದ ಕುಟುಂಬಗಳು ಬಹುಸಂಖ್ಯೆಯಲ್ಲಿದ್ದುವು. ಊರಿನ ಮುಖ್ಯಸ್ಥರೂ ಹಿರಿಯ ಹಿಡುವಳಿದಾರರೂ ಬಲವಂತದ ಬೆಳೆಯಿಂದ ಲಾಭ ಪಡೆದುದುಂಟು. ಬಡತನವಿದ್ದುದು ನಿಜ, ಅದು ಸಮನಾಗಿ ಹಂಚಿಹೋಗಿರಲಿಲ್ಲ.

ಈ ತಪ್ಪು ತಿಳಿವಳಿಕೆಯ ಪರಿಣಾಮ ಪುಸ್ತಕದಲ್ಲಿಯೇ ಉಳಿಯುವಂಥದಲ್ಲ. ಹಳ್ಳಿಯಲ್ಲಿ ಎಲ್ಲರೂ ಹಂಚಿ ಉಣ್ಣುತ್ತಾರೆಂದು ನಂಬಿದ ಆಡಳಿತವು ಹೊಸ ಬೀಜ, ಗೊಬ್ಬರ, ಸಾಲಗಳನ್ನು ಹಳ್ಳಿಗೆ ತಂದರೆ ಸಾಕೆಂದು ಭಾವಿಸುತ್ತದೆ. ನಡೆದುದು ಬೇರೆ. ಜಾವದಲ್ಲಿ ಹೆಂಗಸರು 'ಅನಿ ಅನಿ' ಎಂಬ ಕೈಚಾಕುವಿನಿಂದ ತೆನೆ ತೆನೆಯಾಗಿ ಬತ್ತವನ್ನು ಕೊಯ್ದು ಪಾಲು ಪಡೆಯುತ್ತಿದ್ದರು. 1973ರಲ್ಲಿ ಕಾಲಿಯರ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಅಧ್ಯಯನವು, ಒಡೆಯರು ನಿಂತ ಬೆಳೆಯನ್ನೇ ವ್ಯಾಪಾರಿಗೆ ಮಾರುವ 'ತೆಬಾಸಾನ್' ಪದ್ಧತಿ ಹಬ್ಬುತ್ತಿದ್ದುದನ್ನು ವರ್ಣಿಸುತ್ತದೆ. ವ್ಯಾಪಾರಿಯು ಕುಡುಗೋಲು ಹಿಡಿದ ಕೆಲವೇ ಆಳುಗಳನ್ನು ಕರೆತಂದನು. ಅನಿ ಅನಿ ಹಿಡಿದ ಕೈಗಳಿಗೆ ಪಾಲು ತಪ್ಪಿತು. ಹಂಚಿಕೆಯನ್ನು ಸಮುದಾಯದ ಸ್ವಭಾವವೆಂದು ತಿಳಿದವರಿಗೆ ಇದು ಆಕಸ್ಮಿಕ. ಅದನ್ನು ಒಡೆಯನಿಗೂ ಕೂಲಿಗೂ ನಡುವಣ ಒಪ್ಪಂದವೆಂದು ತಿಳಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಪರಸ್ಪರ ಸಹಾಯ ಎಂಬರ್ಥದ 'ಗೋತೊಂಗ್ ರೋಯೊಂಗ್' ಎಂಬ ಮಾತಿನ ಗತಿಯೂ ಇಂಥದೇ. 1945ರ ಜೂನ್ 1ರ ಭಾಷಣದಲ್ಲಿ ಸುಕರ್ಣೊ ಅವರು ತಾವು ಸೂಚಿಸಿದ ಐದು ತತ್ತ್ವಗಳನ್ನು ಒಂದೇ ಮಾತಿಗೆ ಇಳಿಸುವುದಾದರೆ ಅದು ಇದೇ ಎಂದರು. ಕೊಂತ್ಯರನಿಂಗ್ರಾಟ್ ಅವರು 1961ರಲ್ಲಿ ಪ್ರಕಟವಾದ ತಮ್ಮ ಅಧ್ಯಯನಕ್ಕಾಗಿ ಮಧ್ಯ ಜಾವದ ಎರಡು ಹಳ್ಳಿಗಳನ್ನು ಹೊಕ್ಕು ನೋಡಿದಾಗ ಆ ಒಂದು ಹೆಸರಿನ ಅಡಿಯಲ್ಲಿ ಹಲವು ಬೇರೆ ಬೇರೆ ವ್ಯವಹಾರಗಳು ಕಂಡವು: ಸಾವಿನ ಮನೆಗೆ ತಾವಾಗಿ ಬರುವ ನೆರವು ಒಂದು ಬಗೆ, ಮುಯ್ಯಿಗೆ ಮುಯ್ಯಿ ಲೆಕ್ಕವಿಟ್ಟು ಮಾಡುವ ಗದ್ದೆ ಕೆಲಸ ಇನ್ನೊಂದು ಬಗೆ, ಮೇಲಿನವರ ಅಪ್ಪಣೆಯಂತೆ ಮಾಡುವ ರಸ್ತೆ ಕೆಲಸ ಮತ್ತೊಂದು ಬಗೆ. ಮೂರನೆಯದನ್ನು ಮೊದಲನೆಯದರ ಹೆಸರಿನಿಂದ ಕರೆಯುವುದು ಸರಕಾರಕ್ಕೆ ಎಷ್ಟು ಅನುಕೂಲವೆಂಬುದನ್ನು 1986ರಲ್ಲಿ ಜಾನ್ ಬೋವೆನ್ ಅವರು ವಿವರವಾಗಿ ತೋರಿಸಿದ್ದಾರೆ.

ಜಾವದಿಂದ ಬಾಲಿಗೆ ಬಂದರೆ ಲಾನ್ಸಿಂಗ್ ಅವರ ಗ್ರಂಥ ಎದುರಾಗುತ್ತದೆ. ಅಲ್ಲಿ ಒಂದೇ ಕಾಲುವೆಯ ನೀರನ್ನು ಉಣ್ಣುವ ಗದ್ದೆಗಳ ರೈತರು ಸೇರಿ 'ಸುಬಕ್' ಎಂಬ ಸಂಘವನ್ನು ಮಾಡಿಕೊಂಡಿದ್ದಾರೆ. ಹನ್ನೊಂದನೆಯ ಶತಮಾನದ ಶಾಸನಗಳಲ್ಲಿಯೇ ಈ ವ್ಯವಸ್ಥೆಯ ಕುರುಹು ಇದೆ. ಸುಬಕ್‌ಗಳ ಮೇಲೆ ನೀರಿನ ದೇವಾಲಯಗಳು. ಅವುಗಳಿಗೆಲ್ಲ ಶಿಖರಪ್ರಾಯವಾಗಿ ಬಾತೂರ್ ಸರೋವರದ ದೇವಾಲಯ. ಯಾವ ಸುಬಕ್ ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆಯನ್ನು ಬೀಳು ಬಿಡಬೇಕು ಎಂಬುದು ಈ ದೇವಾಲಯಗಳ ಪೂಜಾಕ್ರಮಕ್ಕೆ ಹೊಂದಿಕೊಂಡು ನಿರ್ಣಯವಾಗುತ್ತಿತ್ತು. 1970ರ ದಶಕದಲ್ಲಿ ಸರಕಾರವು ಅಧಿಕ ಇಳುವರಿಯ ತಳಿಗಳನ್ನು ತಂದು, ಬಿಡುವಿಲ್ಲದೆ ಬೆಳೆಯಿರಿ ಎಂದು ರೈತರಿಗೆ ಬೋಧಿಸಿತು. ಪರಿಣಾಮವಾಗಿ ನೀರಿನ ಸರದಿ ಕೆಟ್ಟಿತು. ಕಂದು ಜಿಗಿಹುಳುವಿಗೆ ವರ್ಷವಿಡೀ ಆಹಾರ ದೊರೆಯಿತು. 1979ರಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ನೆರವಿನಿಂದ ಆರಂಭವಾದ ನೀರಾವರಿ ಯೋಜನೆಯ ತಜ್ಞರಿಗೆ ದೇವಾಲಯಗಳು ಕೇವಲ ಧಾರ್ಮಿಕ ಕಟ್ಟಡಗಳಾಗಿ ಕಂಡವು.

ಲಾನ್ಸಿಂಗ್ ಅವರು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಅವರೊಡನೆ ಕೂಡಿ ಎರಡು ನದಿಗಳ 172 ಸುಬಕ್‌ಗಳನ್ನು ಕಂಪ್ಯೂಟರಿನಲ್ಲಿ ಮಾದರಿಯಾಗಿ ರಚಿಸಿದರು. ಅದರ ಸಾರಾಂಶ ಸರಳ. ಎಲ್ಲರೂ ಒಟ್ಟಿಗೆ ನಾಟಿ ಮಾಡಿದರೆ ಕೀಟ ಹಸಿದು ಸಾಯುತ್ತದೆ, ಆದರೆ ನೀರು ಸಾಲದು. ಒಬ್ಬೊಬ್ಬರು ಒಂದೊಂದು ಕಾಲಕ್ಕೆ ಮಾಡಿದರೆ ನೀರು ಸಾಕು, ಆದರೆ ಕೀಟ ಉಳಿಯುತ್ತದೆ. ಈ ಎರಡರ ನಡುವಣ ಹದವನ್ನು ದೇವಾಲಯಗಳ ಏರ್ಪಾಟು ಹಿಡಿದಿತ್ತು. ಮೇಲಿನ ರೈತನು ಕೆಳಗಿನವನಿಗೆ ನೀರು ಬಿಡುವುದು ಔದಾರ್ಯದಿಂದಲ್ಲ. ಕೆಳಗಿನವನೂ ತನ್ನೊಡನೆ ಗದ್ದೆಯನ್ನು ಬೀಳು ಬಿಡದಿದ್ದರೆ ಹುಳು ತನ್ನ ಬೆಳೆಗೇ ಬರುತ್ತದೆಂಬ ಅರಿವಿನಿಂದ. ಇಂಥ ಸ್ಪಷ್ಟವಾದ ವಿವರಣೆ ಸಮಾಜವಿಜ್ಞಾನದಲ್ಲಿ ವಿರಳ.

ಆದರೂ ಒಂದು ಆಕ್ಷೇಪ ಉಳಿಯುತ್ತದೆ. ಈ ಚಿತ್ರದಲ್ಲಿ ರಾಜನೆಲ್ಲಿ? ಪ್ರಾಚೀನ ಬಾಲಿಯ ಅರಸರಿಗೂ ನೀರಿನ ದೇವಾಲಯಗಳಿಗೂ ನಿಕಟ ಸಂಬಂಧವಿತ್ತೆಂದು ಬ್ರಿಗಿಟ್ಟ ಹೌಸರ್ ಶಾಯ್ಬ್ಲಿನ್ ಅವರು 2003ರಲ್ಲಿ ಲಾನ್ಸಿಂಗ್ ಮತ್ತು ಗೀರ್ಟ್ಸ್ ಇಬ್ಬರನ್ನೂ ಪ್ರಶ್ನಿಸಿದರು. ದಕ್ಷಿಣ ಬಾಲಿಯ ರಾಜ್ಯಗಳು 1906 ಮತ್ತು 1908ರಲ್ಲಿ ಡಚ್ಚರ ಕೈಗೆ ಬಿದ್ದುವು. ಅರಸನನ್ನು ಕಳೆದುಕೊಂಡ ನೀರಾವರಿಯನ್ನು ಈಚಿನ ಸಂಶೋಧಕರು ಕಂಡು, ಅರಸನೇ ಇಲ್ಲದ ನೀರಾವರಿ ಎಂದು ಭಾವಿಸಿರುವುದು ಅಸಂಭವವಲ್ಲ. 2012ರಲ್ಲಿ ಯುನೆಸ್ಕೊ ಸುಬಕ್ ಭೂಪ್ರದೇಶವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ 'ತ್ರಿ ಹಿತ ಕರಣ' ಎಂಬ ದರ್ಶನವನ್ನು ಅದರ ಅಡಿಪಾಯವೆಂದು ಹೇಳಲಾಯಿತು. ಆ ಸಂಸ್ಕೃತ ಸೂತ್ರವು ಇಂದಿನ ರೂಪದಲ್ಲಿ ಬಳಕೆಗೆ ಬಂದುದು 1960ರ ದಶಕದಲ್ಲಿ. ಅದರಿಂದ ಸುಬಕ್‌ನ ಮಹತ್ವ ಕಡಮೆಯಾಗದು. ಆದರೆ ದರ್ಶನವನ್ನು ಕೊಂಡಾಡುವ ಭರದಲ್ಲಿ, ಪ್ರವಾಸೋದ್ಯಮಕ್ಕೆ ಗದ್ದೆಯೂ ನೀರೂ ಹೋಗುತ್ತಿರುವ ಪ್ರಶ್ನೆ ಹಿಂದೆ ಸರಿಯುವ ಅಪಾಯವಿದೆ. ಪೂಜೆ ಉಳಿದು ಗದ್ದೆ ಹೋದರೆ ಸುಬಕ್ ಉಳಿದಂತಾಗದು.

ಈ ವಿಚಾರಗಳಿಗೆ ಶಾಸನದ ಇತಿಹಾಸ ಇನ್ನಷ್ಟು ಬಲ ಕೊಡುತ್ತದೆ. 1979ರ ಗ್ರಾಮಾಡಳಿತ ಕಾಯಿದೆಯು ಜಾವದ 'ದೇಸ'ದ ಮಾದರಿಯನ್ನು ಇಡೀ ದೇಶಕ್ಕೆ ಅನ್ವಯಿಸಿತು. ಪಶ್ಚಿಮ ಸುಮಾತ್ರದ ಮಿನಾಂಗ್‌ಕಬೌ ಜನರ ಐನೂರಕ್ಕೂ ಹೆಚ್ಚು 'ನಾಗರಿ'ಗಳನ್ನು ಒಡೆದು 1983ರಲ್ಲಿ ಮೂರು ಸಾವಿರಕ್ಕೂ ಮಿಕ್ಕ ದೇಸಗಳನ್ನಾಗಿ ಮಾಡಲಾಯಿತು. ವಸಾಹತು ಕಂದಾಯದ ಅಚ್ಚಿನಲ್ಲಿ ಗಟ್ಟಿಗೊಂಡ ಒಂದು ರೂಪವು ಹೀಗೆ ರಾಷ್ಟ್ರದ ಸಹಜ ಸಮುದಾಯವೆಂದು ಮೆರೆಯಿತು. 1999ರ ವಿಕೇಂದ್ರೀಕರಣದ ಕಾಯಿದೆಯ ಅನಂತರ ನಾಗರಿಗಳು ಮರಳಿ ಬಂದುವು. 2014ರ ಗ್ರಾಮ ಕಾಯಿದೆಯು ಆಚಾರಬದ್ಧ ಗ್ರಾಮಗಳಿಗೆ ಮನ್ನಣೆಯನ್ನೂ, ಎಲ್ಲ ಗ್ರಾಮಗಳಿಗೆ ಕೇಂದ್ರದಿಂದ ನೇರವಾದ ಹಣವನ್ನೂ ಒದಗಿಸಿತು. 2024ರ ತಿದ್ದುಪಡಿಯು ಗ್ರಾಮದ ಮುಖ್ಯಸ್ಥನ ಅವಧಿಯನ್ನು ಆರು ವರ್ಷದಿಂದ ಎಂಟಕ್ಕೆ ಏರಿಸಿತು. ಗ್ರಾಮವನ್ನು ಒಂದೇ ಮನಸ್ಸಿನ ಸಮುದಾಯವೆಂದು ತಿಳಿದವರಿಗೆ ಇದು ಗ್ರಾಮದ ಬಲವರ್ಧನೆ. ಅನಿ ಅನಿ ಹಿಡಿದಿದ್ದ ಹೆಂಗಸಿನ ಕಡೆಯಿಂದ ನೋಡಿದವರು, ಹಣ ಯಾರ ಕೈ ಸೇರುತ್ತದೆ, ಲೆಕ್ಕ ಕೇಳುವವರು ಯಾರು ಎಂದು ವಿಚಾರಿಸುತ್ತಾರೆ.

ಭಾರತದ ಗ್ರಾಮಗಣರಾಜ್ಯವೆಂಬ ಕಲ್ಪನೆಗೂ ಇದೇ ಬಗೆಯ ಪರೀಕ್ಷೆ ನಡೆದಿದೆ. 1960ರಲ್ಲಿ ಎಂ. ಎನ್. ಶ್ರೀನಿವಾಸ್ ಅವರು ಎ. ಎಂ. ಶಾ ಅವರೊಡನೆ ಬರೆದ ಲೇಖನದಲ್ಲಿ ಸ್ವಯಂಪೂರ್ಣ ಗ್ರಾಮವನ್ನು ಮಿಥ್ಯೆ ಎಂದು ಕರೆದುದು ನಮ್ಮ ಓದುಗರಿಗೆ ತಿಳಿದಿದೆ. ಇಂಡೊನೇಷ್ಯದ ಸಾಹಿತ್ಯವನ್ನು ಓದುವ ವಿದ್ಯಾರ್ಥಿಯು ಪ್ರತಿಯೊಂದು ಗ್ರಂಥಕ್ಕೂ ಮೂರು ಪ್ರಶ್ನೆಗಳನ್ನು ಹಾಕಲಿ: ಈ ಸಮುದಾಯದ ಚಿತ್ರ ಯಾವ ದಾಖಲೆಯಿಂದ ಬಂದಿದೆ? ಆ ದಾಖಲೆ ಯಾರ ಕೆಲಸಕ್ಕಾಗಿ ಹುಟ್ಟಿತು? ಭೂಮಿಯಿಲ್ಲದವರು ಆ ಚಿತ್ರದಲ್ಲಿ ಎಲ್ಲಿದ್ದಾರೆ? ಗೀರ್ಟ್ಸ್ ಅವರ ಗ್ರಂಥ ಮೂರನೆಯ ಪ್ರಶ್ನೆಯಲ್ಲಿ ಸೋಲುತ್ತದೆ. ಲಾನ್ಸಿಂಗ್ ಅವರದು ಅರಸನ ವಿಷಯದಲ್ಲಿ ತಡವರಿಸುತ್ತದೆ. ಆದರೂ ನೀರು ಬಿಡುವ ನಿರ್ಣಯವು ಆ ನಿರ್ಣಯದ ಫಲವನ್ನು ಉಣ್ಣುವವರ ಕೈಯಲ್ಲಿ ಇದ್ದಾಗ ಗದ್ದೆ ಬಾಳುತ್ತದೆಂಬ ಲಾನ್ಸಿಂಗ್ ಅವರ ಮಾತು, ನಾವು ಹಾಕಿದ ಪ್ರಶ್ನೆಗಳ ಅನಂತರವೂ ಅಲುಗದೆ ನಿಲ್ಲುತ್ತದೆ.