ಮಳೆಗೆ ಕಂಬಳಿಕೊಪ್ಪೆ

ಮಕ್ಕಳನ್ನು ಮಳೆಯಲ್ಲಿ ಸುತ್ತಾಡಿಸಲು ಮಲೆನಾಡಿನ ಕಂಬಳಿಕೊಪ್ಪೆಯಂಥದ್ದು ಇನ್ನೊಂದಿಲ್ಲ. ಕುರಿಯ ಒರಟು ಉಣ್ಣೆಯ ನೂಲಿಗೆ ಹುಣಸೆಬೀಜದ ಗಂಜಿ ಹಾಕಿ ನೇಯ್ದ ಕರಿಕಂಬಳಿ ಅದು. ಉಣ್ಣೆಯ ಜಿಡ್ಡಿಗೆ ಹನಿಗಳು ಬೇಗ ಒಳಗಿಳಿಯುವುದಿಲ್ಲ; ಕಂಬಳಿ ನೆನೆದರೂ ಮೈ ಬೆಚ್ಚಗಿರುತ್ತದೆ. ಒಂದು ತುದಿ ಮಡಚಿ ನೆತ್ತಿಗೆ ಏರಿಸಿದರಾಯಿತು, ಎರಡೂ ಕೈ ಬಿಡುವು. ಕೊಡೆ ಹಿಡಿದ ಮಗುವಿಗೆ ಈ ಸುಖವಿಲ್ಲ.

ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಸುರಿಯುವ ಆಗುಂಬೆಯ ಸೀಮೆಯಲ್ಲಿ, ಆರಿದ್ರಾ ಮಳೆ ಹಿಡಿದಾಗ ಈ ಬಿಡುವಾದ ಕೈಗಳಿಗೆ ಕೆಲಸವೋ ಕೆಲಸ: ಗದ್ದೆಯಂಚಿನ ಕಲ್ಲೆತ್ತಿ ಏಡಿ ಹುಡುಕಬೇಕು, ತೋಡಿಗೆ ಮಣ್ಣಿನ ಕಟ್ಟ ಹಾಕಬೇಕು, ಅಡಿಕೆಹಾಳೆಯ ದೋಣಿ ತೇಲಿಬಿಡಬೇಕು.

ಮನೆಯಲ್ಲಿ ಹಳೆಯ ಕಂಬಳಿಯಿದ್ದರೆ ಹೊರತೆಗೆಯಿರಿ, ಮಕ್ಕಳಿಗೆ ಕೊಪ್ಪೆ ಹಾಕುವುದನ್ನು ಕಲಿಸಿ. ಮಳೆಯೆಂದರೆ ಕಿಟಕಿಯಾಚೆಯ ನೋಟವಷ್ಟೇ ಎಂದು ಅವರು ತಿಳಿಯಬಾರದು.