ಔಷಧಿ ಬರೆಯುವ ಅಧಿಕಾರ ಯಾರದು?

ಆರ್.ಎಂ.ಪಿ. ಎಂಬ ಪದಕ್ಕೆ ಕಾನೂನಿನ ಪುಸ್ತಕದಲ್ಲಿ ಒಂದು ಅರ್ಥವಿದ್ದರೆ, ಇಳಕಲ್ ತಾಲೂಕಿನ ಗುಡೂರಿನ ಸುತ್ತಮುತ್ತಲೂ ಸೇರಿದಂತೆ ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅದಕ್ಕೆ ತದ್ವಿರುದ್ಧವಾದ ಅರ್ಥವಿದೆ. ಕಾನೂನಿನ ಪ್ರಕಾರ ಆತ ನೋಂದಾಯಿತ ವೈದ್ಯ. ಜನರ ಮಾತಿನಲ್ಲಿ ಆತ ಪದವಿಯೂ ನೋಂದಣಿಯೂ ಇಲ್ಲದೆ ಸೂಜಿ ಚುಚ್ಚುವವನು. ಇದನ್ನು ಹಳ್ಳಿಗರ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಈ ಗೊಂದಲದಲ್ಲಿ ಕಾನೂನಿನ ಮತ್ತು ಸರಕಾರದ ಪಾಲೆಷ್ಟು?

ಕಾನೂನು ಹಾಕಿದ ಗೆರೆಗಳು ಮೇಲ್ನೋಟಕ್ಕೆ ಸ್ಪಷ್ಟವಾಗಿವೆ. ಅಲೋಪತಿ ಔಷಧಿ ಬರೆಯುವುದು ಆ ಪದ್ಧತಿಯಲ್ಲಿ ನೋಂದಾಯಿತನಾದ ವೈದ್ಯನ ಕೆಲಸ. 1948ರ ಫಾರ್ಮಸಿ ಕಾಯ್ದೆಯಂತೆ ಅದನ್ನು ವಿತರಿಸುವುದು ಫಾರ್ಮಸಿಸ್ಟನ ಕೆಲಸ. ವೈದ್ಯರ ಸೂಚನೆಯಂತೆ ಕೊಡುವುದು ದಾದಿಯ ಕೆಲಸ. ಯುನಾನಿ, ಆಯುರ್ವೇದ, ಹೋಮಿಯೋಪತಿ ವೈದ್ಯರು ತಂತಮ್ಮ ಪದ್ಧತಿಯಲ್ಲಿ ಪೂರ್ಣ ಅಧಿಕಾರವುಳ್ಳವರು. 1996ರಲ್ಲಿ ಸುಪ್ರೀಂ ಕೋರ್ಟು, ಅಲೋಪತಿ ಔಷಧಿ ಕೊಟ್ಟ ಮುಂಬಯಿಯ ಹೋಮಿಯೋಪತಿ ವೈದ್ಯರೊಬ್ಬರ ಪ್ರಕರಣದಲ್ಲಿ, ತಿಳಿಯದ ಪದ್ಧತಿಯಲ್ಲಿ ಚಿಕಿತ್ಸೆ ನೀಡುವುದೇ ನಿರ್ಲಕ್ಷ್ಯವೆಂದು ತೀರ್ಮಾನಿಸಿ, ಮೃತ ರೋಗಿಯ ಪತ್ನಿಗೆ 3 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. 1998ರ ಮುಖ್ತಿಯಾರ್ ಚಂದ್ ತೀರ್ಪು ಇನ್ನೂ ಒಂದು ಮಾತು ಸೇರಿಸಿತು: ರಾಜ್ಯದ ಕಾನೂನು ಹಕ್ಕು ಕೊಟ್ಟಿದ್ದರೆ ಮಾತ್ರ ಇತರ ಪದ್ಧತಿಯ ವೈದ್ಯರು ಅಲೋಪತಿ ಔಷಧಿ ಬರೆಯಬಹುದು.

ಸಮಸ್ಯೆ ಶುರುವಾಗುವುದು ಇಲ್ಲಿಂದಲೇ. ಮಹಾರಾಷ್ಟ್ರ 2014ರಲ್ಲಿ ಒಂದು ವರ್ಷದ ಕೋರ್ಸು ಮುಗಿಸಿದ ಹೋಮಿಯೋಪತಿ ವೈದ್ಯರಿಗೆ ಕಾನೂನಿನ ಮೂಲಕವೇ ಬಾಗಿಲು ತೆರೆಯಿತು. ಗಡಿ ದಾಟಿ ಕರ್ನಾಟಕಕ್ಕೆ ಬಂದರೆ ಅಂಥ ಮುಕ್ತ ಅನುಮತಿಯಿಲ್ಲ. ಎಂಬಿಬಿಎಸ್ ವೈದ್ಯರು ಸಿಗದ ಕಡೆ ಸರಕಾರವೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆಯುಷ್ ವೈದ್ಯರನ್ನು ಕೂರಿಸಿದೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಮು ಸಮುದಾಯ ಆರೋಗ್ಯ ಸೇವಾದಾರರಿಗೆ ಸೀಮಿತ ಪರವಾನಗಿಯ ಮಾತಾಡುತ್ತದೆ. ಹೆರಿಗೆಯ ರಕ್ತಸ್ರಾವ ತಡೆಯಲು ಎ.ಎನ್.ಎಂ. ಸಹೋದರಿಯರಿಗೆ ಚುಚ್ಚುಮದ್ದು ಕೊಡುವ ಅನುಮತಿ ಅದಕ್ಕೂ ಹಿಂದಿನದು. ಈ ಕೊನೆಯದನ್ನು ಯಾರೂ ಆಕ್ಷೇಪಿಸಲಾರರು. ಯಾಕೆಂದರೆ ಅಲ್ಲಿ ಔಷಧಿ ಯಾವುದು, ಸಂದರ್ಭ ಯಾವುದು, ತರಬೇತಿ ಏನು ಎಂಬುದು ನಿಗದಿಯಾಗಿದೆ. ಉಳಿದೆಡೆ ಈ ಮೂರೂ ಇವೆಯೇ ಎಂಬುದೇ ಪ್ರಶ್ನೆ.

ಇಳಕಲ್‌ನಲ್ಲಿ ಆಯುರ್ವೇದ ಕಾಲೇಜಿದೆ, ವಿಜಯಪುರದಲ್ಲಿ ಲುಕ್ಮಾನ್ ಯುನಾನಿ ಕಾಲೇಜಿದೆ. ಐದೂವರೆ ವರ್ಷ ಓದಿ ಬಂದ ತರುಣ ವೈದ್ಯನೆದುರು ಕೂರುವ ನೇಕಾರ, ನಾಳೆ ಮಗ್ಗಕ್ಕೆ ಕೂರದಿದ್ದರೆ ಕೂಲಿಯಿಲ್ಲವೆಂದು ಇಂಜೆಕ್ಷನ್ ಕೇಳುತ್ತಾನೆ. ಕೊಡದಿದ್ದರೆ ಪಕ್ಕದ ಅನಧಿಕೃತನ ಬಳಿಗೆ ಹೋಗುತ್ತಾನೆ. ಈ ಒತ್ತಡ ನಿಜ. ಆದರೂ ಯುನಾನಿ ಬೋರ್ಡಿನಡಿ ಕೂತು ಆ್ಯಂಟಿಬಯಾಟಿಕ್ ಬರೆಯುವವರು ರೋಗಿಗಷ್ಟೇ ಅಲ್ಲ, ತಾವು ಕಲಿತ ವಿದ್ಯೆಗೂ ಅನ್ಯಾಯ ಮಾಡುತ್ತಾರೆ. ನಮ್ಮ ಪರಂಪರೆಯೆಂದು ಯುನಾನಿಯ ಬಗ್ಗೆ ಅಭಿಮಾನಪಡುವ ಸಮುದಾಯ ಇದನ್ನು ಮೊದಲು ಕೇಳಬೇಕು.

ವೈದ್ಯವಿದ್ಯೆ ತಿಳಿಯದೆ ಚಿಕಿತ್ಸೆಗಿಳಿದವನು ಆಗುವ ಹಾನಿಗೆ ತಾನೇ ಹೊಣೆ ಎಂಬರ್ಥದ ಪ್ರವಾದಿ(ಸ)ವರ್ಯರ ವಚನ ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ಕ್ರಿ.ಶ. 931ರಲ್ಲಿ ಬಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ರೋಗಿ ಸತ್ತಾಗ ಖಲೀಫ ಅಲ್ ಮುಕ್ತದಿರ್, ಸಿನಾನ್ ಇಬ್ನು ಸಾಬಿತ್‌ರಿಂದ ನಗರದ ವೈದ್ಯರನ್ನು ಪರೀಕ್ಷಿಸಿದರು. 860ರಷ್ಟು ಮಂದಿ ಪರೀಕ್ಷೆಗೆ ಬಂದರೆಂದು ಇತಿಹಾಸಕಾರರು ಬರೆದಿದ್ದಾರೆ. ಪ್ರತಿಯೊಬ್ಬನಿಗೂ ಅವನ ಅರಿವಿಗೆ ತಕ್ಕಷ್ಟೇ ಅನುಮತಿ ಸಿಕ್ಕಿತು. ಅಧಿಕಾರವನ್ನು ಅರಿವಿಗೆ ಕಟ್ಟಿಹಾಕುವ ಈ ನ್ಯಾಯ ಇಂದಿಗೂ ಹಳತಾಗಿಲ್ಲ.

2024ರಲ್ಲಿ ಕರ್ನಾಟಕ ಸರಕಾರ ಅಲೋಪತಿ ಕ್ಲಿನಿಕ್‌ಗೆ ತಿಳಿನೀಲಿ ಬೋರ್ಡು, ಆಯುರ್ವೇದಕ್ಕೆ ಹಸಿರು ಬೋರ್ಡು ಎಂದು ಆದೇಶಿಸಿತು. ಒಳ್ಳೆಯದೇ. ಆದರೆ ಬೋರ್ಡಿನ ಬಣ್ಣ ಸಿರಿಂಜಿನಲ್ಲಿ ಏನಿದೆ ಎಂದು ಹೇಳುವುದಿಲ್ಲ. ಯಾರಿಗೆ ಎಷ್ಟು ಅನುಮತಿ ಎಂಬುದನ್ನು ಔಷಧಿಗಳ ಹೆಸರು ಸಮೇತ ಕನ್ನಡದಲ್ಲಿ ಪ್ರಕಟಿಸಲಿ. ಕೊಟ್ಟ ಪ್ರತಿ ಔಷಧಿಗೂ ವೈದ್ಯರ ನೋಂದಣಿ ಸಂಖ್ಯೆಯಿರುವ ಚೀಟಿ ರೋಗಿಯ ಕೈಗೆ ಬರಲಿ. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ವೈದ್ಯರು ಇರಲಿ. ಅದನ್ನು ಮಾಡದೆ ಅನಧಿಕೃತರ ಮೇಲೆ ಆಗೊಮ್ಮೆ ಈಗೊಮ್ಮೆ ದಾಳಿ ನಡೆಸಿದರೆ, ಒಂದು ಬಾಗಿಲು ಮುಚ್ಚಿ ಪಕ್ಕದ ಓಣಿಯಲ್ಲಿ ಇನ್ನೊಂದು ತೆರೆಯುತ್ತದೆ, ಅಷ್ಟೇ.